ಕೊಡೆ ಹಿಡಿದ ಹದ್ದು

ನಮ್ಮ ದೊಡ್ಡಮ್ಮ ಮಳೆಗೆ ಕೊಡೆ ಹಿಡಿದದ್ದನ್ನು ನಾನು ನೋಡೇ ಇಲ್ಲ. ಆಕೆಯ ಕೊಡೆ ಇರುವುದು ಕೋಳಿಮರಿಗಳನ್ನು ಹೆದರಿಸಲಿಕ್ಕೆ!

ನಂಬುವುದಿಲ್ಲವೇ? ಸೋಮವಾರಪೇಟೆ ಕಡೆ ಬನ್ನಿ. ಬೆಳಗಾದರೆ ಸಾಕು, ಕಾಫಿ ಒಣಹಾಕುವ ಕಣದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಕರೀ ಕೊಡೆ ಬಿಚ್ಚಿ, ಹದ್ದಿನ ಹಾಗೆ "ಕೀ...ಯ್" ಎಂದು ಕಿರುಚುತ್ತ ಮರಿಗಳ ಮೇಲೆ ಎರಗುತ್ತಾಳೆ. ಓಡಿಹೋಗಿ ಗಿಡದಡಿ ಅವಿತದ್ದು ಪಾಸು. ನಿಂತು ನೋಡಿದ್ದು ಫೇಲು. ಫೇಲಾದದ್ದು ಬೆಳೆದ ಮೇಲೆ ಕೋಳಿಸಾರಿಗೆ. ಪಾಸಾದ ಕೋಳಿಗಳ ಮೊಟ್ಟೆಗೆ ಮಾತ್ರ ಕಾವಿನ ಭಾಗ್ಯ!

ನಾಲ್ಕನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದ್ದು ಈಕೆಯೇ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಬಾಚಿದ ನಾನು, ಈ ಆಟದ ಅರ್ಥ ಹೊಳೆದಾಗ ದಂಗಾಗಿಹೋದೆ.

"ದೊಡ್ಡಮ್ಮ, ನಿಸರ್ಗ ಮಾಡೋ ಆಯ್ಕೆಯನ್ನ ನೀನೇ ಮಾಡ್ತಿದೀಯ! ಇದು ವಿಕಾಸವಾದ!"

"ಮಂಗನಿಂದ ಮನುಷ್ಯ ಅಂತಾರಲ್ಲ, ಅದಾ? ಥೂ!"

"ಹಾಗಲ್ಲ, ಇಬ್ಬರಿಗೂ ಪೂರ್ವಜ ಒಬ್ಬನೇ."

"ನಿಮ್ಮಪ್ಪನ ಕಡೆಯೋರಿಗೆ ಇದ್ದಾನು!"

ಈ ಸಲದ ಮರಿಗಳಲ್ಲಿ ಒಂದು ಮಾತ್ರ ವಿಚಿತ್ರ. ಕೊಡೆ ಬಿಚ್ಚಿದರೆ ಓಡುವುದಿರಲಿ, ಎದುರಿಗೇ ಬಂತು! ಮರುದಿನವೂ ಹಾಗೆಯೇ.

"ಫೇಲ್!" ಎಂದೆ. "ಇದನ್ನ ಬೇರೆ ಮಾಡು."

"ನಾಳೆ ಇನ್ನೊಂದ್ಸಲ ನೋಡಾನ ತಡಿ."

ನನಗೆ ಆಘಾತ! ದೊಡ್ಡಮ್ಮನ ಬಾಯಲ್ಲಿ 'ಇನ್ನೊಂದ್ಸಲ'? ಹೀಗೇ ಒಂದು ವಾರ ಎಳೆದಳು.

"ಇಷ್ಟು ಸಪ್ಲಿಮೆಂಟರಿ ಯಾವ ಕಾಲೇಜಲ್ಲೂ ಇಲ್ಲ!"

"ನಿಂಗೆ ಲೆಕ್ಕದಲ್ಲಿ ಎಷ್ಟು ಸಲ ಕೊಟ್ರು?"

ಇದು ವಿಷಯಾಂತರ! ನಾನು ಬಿಡಲಿಲ್ಲ. "ನಿಯಮ ನಿನ್ನದೇ. ಇದನ್ನ ಉಳಿಸಿದರೆ ಇದರ ಸಂತಾನವೆಲ್ಲ ಹದ್ದಿಗೆ ನಮಸ್ಕಾರ ಹೇಳಿ ನಿಲ್ಲತ್ತೆ."

ದೊಡ್ಡಮ್ಮ ಅವತ್ತು ಕಿರುಚಲಿಲ್ಲ. ಕೊಡೆ ಬಿಚ್ಚಿ ಕಣದಲ್ಲಿ ಸುಮ್ಮನೆ ಕೂತಳು. ಮರಿ ತಟತಟ ಓಡಿಬಂದು, ಕೊಡೆಬಟ್ಟೆಯ ಅಂಚಿನಡಿ ತೂರಿ ಕಣ್ಣು ಮುಚ್ಚಿತು.

"ಇದರವ್ವನ್ನ ಮುಂಗುಸಿ ಹಿಡೀತಲ್ಲ, ಅದು ಕರೀ ಕೋಳಿ," ಎಂದಳು. "ಕೊಡೇನ ಅವ್ವನ ರೆಕ್ಕೆ ಅಂದ್ಕೊಂಡೈತೆ ಕಣೆ."

ಅಷ್ಟರಲ್ಲಿ ನಿಜವಾದ ಹದ್ದೊಂದು ಮೇಲೆ ಸುತ್ತತೊಡಗಿತು. ಪಾಸಾದವರೆಲ್ಲ ಕ್ಷಣದಲ್ಲಿ ಮಾಯ! ದೊಡ್ಡಮ್ಮ ಕೊಡೆಯನ್ನು ಇನ್ನಷ್ಟು ಬಗ್ಗಿಸಿದಳು. ಮಂಡಿನೋವಿನ ಮುದುಕಿ, ಒಂದು ಕೈ ನೆಲಕ್ಕೆ ಊರಿ, ಇನ್ನೊಂದರಲ್ಲಿ ಕೊಡೆ ಹಿಡಿದು ಅಲ್ಲಾಡದೆ ಕೂತಳು.

ನನ್ನ ಬಳಿ ಇನ್ನೂ ಮೂರು ವಾದಗಳಿದ್ದವು. ಕೊಡೆಯ ಹಿಡಿಗೆ ನಾನೂ ಕೈ ಹಾಕಿದೆ.

"ಒಳಗೆ ಬಾರೆ," ಎಂದು ದೊಡ್ಡಮ್ಮ ತುಸು ಸರಿದಳು. "ಜಾಗ ಐತೆ."