ನಡುಗುವ ಗಾಡಿ, ಹೊಳೆಯುವ ಚಕ್ರ

ಬೆಳಿಗ್ಗೆ ದಿಬ್ಬ ಇಳಿಯುತ್ತ ಬ್ರೇಕ್ ತುಳಿದದ್ದೇ ತಡ, ಬೀದಿಯವರೆಲ್ಲ 'ಪಿಕಪ್ ಅಣ್ಣ' ಎಂದೇ ಕರೆಯುವವನ ಹಳೇ ಸಾಮಾನು ಗಾಡಿಗೆ ಚಳಿಜ್ವರ ಬಂದಂತಾಯಿತು. ಸ್ಟೇರಿಂಗು ಗಡಗಡ ನಡುಗಿತು. ಹಿಂದಿದ್ದ ಮೊಟ್ಟೆಗಳಲ್ಲಿ ಅರ್ಧ ಡಜನ್ ಅಲ್ಲೇ ಪ್ರಾಣ ಬಿಟ್ಟವು.

"ಇನ್ನೊಂದ್ಸಲ ಒಡೆದ್ರೆ ಬೇರೆ ಗಾಡಿ ನೋಡ್ಕೋತೀನಿ. ಸಂಜೆ ಲೋಡ್ ಇದೆ, ಅಷ್ಟರಲ್ಲಿ ಸರಿ ಮಾಡಿಸ್ಕೊಂಡು ಬಾ," ಎಂದ ಕೋಳಿಫಾರಂ ಯಜಮಾನ. ಅಣ್ಣನ ಮನೆಯ ಒಲೆ ಉರಿಯುತ್ತಿದ್ದುದೇ ಆ ಮೊಟ್ಟೆಗಳ ದಯೆಯಿಂದ.

ಮನೆ ಮುಂದೆ ಗಾಡಿ ನಿಲ್ಲಿಸಿ ಚಕ್ರ ನೋಡುತ್ತ ಕೂತರೆ, ಬೀದಿಯೇ ನೆರೆಯಿತು. ಬೀರು, ಮಂಚ, ನೀರಿನ ಟ್ಯಾಂಕು ಎಲ್ಲವನ್ನೂ ಅಣ್ಣನಿಂದ ಪುಕ್ಕಟೆ ಸಾಗಿಸಿಕೊಂಡ ಜನ. ಅವನ ಕಷ್ಟಕ್ಕೆ ಕೈಕಟ್ಟಿ ಕೂರುತ್ತಾರೆಯೇ?

"ವಯಸ್ಸಪ್ಪಾ, ವಯಸ್ಸು. ನನ್ನ ಕೈ ನಡುಗಲ್ವಾ?" ಎಂದರು ನಿವೃತ್ತ ಮೇಷ್ಟ್ರು.

"ಚಕ್ರ ಸಡಿಲ ಆಗಿದೆ ಅಣ್ಣ. ನನ್ನ ಹೊಲಿಗೆ ಮೆಷಿನ್ನೂ ಹೀಗೇ ಕುಣಿಯೋದು," ಎಂದು ಟೈಲರ್ ಪಾನಾ ಹಿಡಿದು ನಟ್ಟು ಬಿಗಿದ, ಬಿಗಿದ, ಒಂದು ಮುರಿದೇ ಹೋಯಿತು.

"ಗಾಳಿ ಜಾಸ್ತಿ ಕಣೋ," ಎಂದರು ಎದುರುಮನೆ ಅತ್ತೆ. ಅಣ್ಣ 'ಬೇಡ' ಎನ್ನುವಷ್ಟರಲ್ಲಿ ಎರಡು ಟೈರು ನಿಟ್ಟುಸಿರು ಬಿಟ್ಟಿದ್ದವು.

ಗಾಳಿ ತುಂಬಿಸಿಕೊಂಡು ಅಂತೂ ಇಂತೂ ಗ್ಯಾರೇಜ್ ಮುಟ್ಟಿದಾಗ ಮಧ್ಯಾಹ್ನ. ಮೆಕ್ಯಾನಿಕ್ ಚಕ್ರ ಬಿಚ್ಚಿ, ಒಳಗಿನ ಕಬ್ಬಿಣದ ತಟ್ಟೆಯನ್ನು ತಿರುಗಿಸಿ ನೋಡಿದ.

"ಬ್ರೇಕ್ ತುಳಿದಾಗ ಮಾತ್ರ ನಡುಗುತ್ತೆ ಅಂದ್ರೆ ಈ ಬ್ರೇಕ್ ಡಿಸ್ಕ್ ಸೊಟ್ಟಗಾಗಿದೆ ಅಂತ ಅರ್ಥ. ದಿಬ್ಬ ಇಳಿದು ಕೆಂಡದ ಹಾಗೆ ಕಾದಿರುತ್ತೆ, ಅದರ ಮೇಲೆ ತಣ್ಣೀರು ಸುರೀತೀರಾ?"

"ನಾನು ಗಾಡಿ ತೊಳೆದು ಯಾವ ಕಾಲ ಆಯ್ತೋ!"

"ಮತ್ತೆ ಚಕ್ರ ಹೇಗೆ ಫಳಫಳ ಅಂತಿದೆ?"

ಅಣ್ಣನಿಗೆ ಥಟ್ಟನೆ ಹೆಂಡತಿ ನೆನಪಾದಳು. ದಿನವೂ ಊಟ ಮುಗಿಸಿ ಬರುವಷ್ಟರಲ್ಲಿ ಗಾಡಿ ಮದುಮಗಳಂತೆ ಹೊಳೆಯುತ್ತಿರುತ್ತಿತ್ತು. ಬಾಯಲ್ಲಿ ಬೈದರೂ ಒಳಗೊಳಗೇ ಎಷ್ಟು ಪ್ರೀತಿ ಎಂದು ಅವನ ಕಣ್ಣು ತುಂಬಿತು.

ಮೆಕ್ಯಾನಿಕ್ ಹೊಸ ಡಿಸ್ಕ್ ಹಾಕಿದ. ಗಾಡಿ ದಿಬ್ಬದಲ್ಲಿ ಬೆಣ್ಣೆಯಂತೆ ಇಳಿಯಿತು. ಮೆಕ್ಯಾನಿಕ್‌ನನ್ನು ಮನಸಾರೆ ಹರಸುತ್ತ ಅಣ್ಣ ನೇರ ಅಡುಗೆಮನೆಗೆ ನಡೆದ.

"ನೀನು ಗಾಡಿ ತೊಳೆಯೋದು ನಂಗೊತ್ತು ಕಣೇ. ತುಂಬಾ ಸಂತೋಷ. ಆದ್ರೆ ಬಿಸಿ ಇದ್ದಾಗ ಮಾತ್ರ..."

"ನಾನಾ? ನಿಮ್ಮ ಅಂಗಿ ಒಗೆಯೋಕೇ ಪುರುಸೊತ್ತಿಲ್ಲ, ಗಾಡಿ ಬೇರೆ ತೊಳೀಬೇಕಾ?"

ಆಗಲೇ ಹೊರಗಡೆ 'ಚುಸ್ಸ್' ಎಂದು ಸದ್ದಾಯಿತು.

ಅಣ್ಣ ಓಡಿಬಂದ. ಚಕ್ರಗಳಿಂದ ಹಬೆ ಏಳುತ್ತಿತ್ತು. ಟೈಲರ್ ಕೈಯಲ್ಲಿ ಬಕೆಟ್, ಮೇಷ್ಟ್ರ ಕೈಯಲ್ಲಿ ಚೊಂಬು, ಅತ್ತೆಯ ಕೈಯಲ್ಲಿ ಪೈಪು.

"ಸಿಕ್ಕಿಬಿದ್ವಲ್ಲಪ್ಪ!" ಎಂದು ನಾಚಿಕೊಂಡರು ಮೇಷ್ಟ್ರು. "ಒಂದು ದಿನಾನೂ ನಮ್ಮ ಹತ್ರ ಬಾಡಿಗೆ ಕೇಳ್ದವನಲ್ಲ ನೀನು. ಆ ಋಣ ಹೇಗೆ ತೀರಿಸೋದು? ಅದಕ್ಕೇ ದಿನಾ ನೀನು ಊಟಕ್ಕೆ ಕೂತಾಗ ಗುಟ್ಟಾಗಿ ತೊಳೀತಿದ್ವಿ."

"ಇವತ್ತು ಗಾಡಿ ರಿಪೇರಿ ಆಗಿ ಬಂತಲ್ಲ ಅಂತ ನಾಲ್ಕು ಬಕೆಟ್ ಜಾಸ್ತಿ ಹಾಕಿದ್ವಿ," ಎಂದರು ಅತ್ತೆ.

ಅಣ್ಣ ಬೈಯಲೆಂದೇ ಬಾಯಿ ತೆರೆದ. ತನಗಾಗಿ ಬೆನ್ನು ಬಗ್ಗಿಸಿ, ಸೆರಗು ನೆನೆಸಿಕೊಂಡು ನಿಂತ ಈ ಜನರನ್ನು ಬೈಯುವುದಾದರೂ ಹೇಗೆ? "ನಿಮ್ಮಂಥೋರು ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದು ಅಣ್ಣ ಕೈಮುಗಿದ. ಆ ಮಾತು ನಿಜಕ್ಕೂ ಹೃದಯದಿಂದಲೇ ಬಂದಿತ್ತು.

ಸಂಜೆ ಲೋಡಿಗೆ ಹೊರಟವನು ಬೀದಿಯ ತಿರುವಿನಲ್ಲಿ ಮೆಲ್ಲಗೆ ಬ್ರೇಕ್ ತುಳಿದ. ಸ್ಟೇರಿಂಗು ಗಡಗಡ, ಅದನ್ನು ಹಿಡಿದ ಅಣ್ಣನೂ ಗಡಗಡ.

ಹಿಂದೆ ಕೈಬೀಸುತ್ತ ನಿಂತಿದ್ದ ಅತ್ತೆ ಟೈಲರನನ್ನು ತಿವಿದರು. "ನೋಡೋ, ಹುಡುಗ ಖುಷಿಗೆ ಹೇಗೆ ಕುಣೀತಿದ್ದಾನೆ! ನಾಳೆಯಿಂದ ಎರಡು ಹೊತ್ತೂ ತೊಳೆಯೋಣ."