ಕೌದಿಯಲ್ಲಿ ನನ್ನದೊಂದು ಮೂಲೆ

ನನಗೊಂದು ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ, ಫೋಟೋ ತೆಗೆಯುವ ಚಟ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದ ದಿನ ಮಗಳು ವಿದ್ಯಾ ಒಂದು ಕ್ಯಾಮೆರಾ ತಂದು ಕೈಗಿಟ್ಟು, “ಅಪ್ಪಾ, ಇನ್ನರ ಆರಾಮ ಇರು” ಅಂದಳು. ನಾನೇನೋ ಆರಾಮವಾಗಿಯೇ ಇದ್ದೇನೆ. ಆರಾಮ ತಪ್ಪಿದ್ದು ಉಳಿದವರಿಗೆ. ಒಮ್ಮೆ ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುವಾಗ ಹಿಟ್ಟಿನ ಧೂಳು ಬಿಸಿಲುಕೋಲಿನಲ್ಲಿ ಹಾರುವುದು ಕಂಡು ಮೈಮರೆತು, “ಇನ್ನೊಮ್ಮೆ ಬಡಿ, ಸ್ವಲ್ಪ ಸಾವಕಾಶ ಬಡಿ” ಎನ್ನುತ್ತ ನಾಲ್ಕು ಸಲ ಬಡಿಸಿದೆ. ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿತ್ತು. ಅದನ್ನು ನನ್ನ ತಾಟಿಗೇ ಹಾಕಿದಳು. ಫೋಟೋ ಮಾತ್ರ ಚಲೋ ಬಂದಿತ್ತು, ಆದರೆ ಆ ಹೊತ್ತಿನಲ್ಲಿ ಅದನ್ನು ತೋರಿಸುವ ಧೈರ್ಯ ನನಗಾಗಲಿಲ್ಲ.

ಹೀಗಿರುವಾಗ ವಿದ್ಯಾ ಬಾಣಂತನಕ್ಕೆಂದು ನಮ್ಮೂರು ತಿರ್ಲಾಪುರಕ್ಕೆ ಬಂದಳು, ಮೊಮ್ಮಗಳು ಹುಟ್ಟಿದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಮೈ ಕೆಳಗೆ ಮನೆಮಂದಿಯ ಹಳೆಯ ಬಟ್ಟೆಗಳಿಂದ ಹೊಲಿದ ಕೌದಿಯೇ ಇರಬೇಕೆಂಬುದು ನಮ್ಮ ಮನೆಯ ರೂಢಿ. ಅಜ್ಜಿಯ ಸೀರೆ, ಅತ್ತೆಯ ಕುಪ್ಪಸ, ಅಳಿಯನ ಅಂಗಿ ಎಲ್ಲ ಚೌಕ ಚೌಕ ತುಂಡುಗಳಾಗಿ ಪಡಸಾಲೆಗೆ ಬಂದವು. ಹೊಲಿಯಲು ಬಾಜು ಮನೆಯ ಮಾಬೂಬಿ ಅಕ್ಕ ಬಂದರು. ಊರಿನ ಅರ್ಧ ಕೂಸುಗಳು ಅವರು ಹೊಲಿದ ಕೌದಿಯ ಮೇಲೆ ಮಲಗಿ ಬೆಳೆದಿವೆ. ಅವರು ಒಂದು ಕಡೆ, ಗಿರಿಜಾ ಇನ್ನೊಂದು ಕಡೆ, ನಡುವೆ ಕ್ಯಾಮೆರಾ ಹಿಡಿದು ನಾನು. ಇಡೀ ಕೌದಿ ಹುಟ್ಟುವುದನ್ನು ಮೊದಲ ಹೊಲಿಗೆಯಿಂದ ಕೊನೆಯ ಹೊಲಿಗೆಯವರೆಗೆ ಫೋಟೋ ತೆಗೆಯಬೇಕೆಂಬುದು ನನ್ನ ಯೋಜನೆ.

“ಸೂಜಿ ಹಂಗ ಮ್ಯಾಲೆ ಹಿಡೀರಿ. ಸ್ವಲ್ಪ ಈ ಕಡೆ ಹೊಳ್ಳ್ರಿ. ಅಲ್ಲೇ ನಿಲ್ಲಸ್ರಿ” ಎಂದು ನಾನು ಶುರುಮಾಡಿದೆ. ಮಾಬೂಬಿ ಅಕ್ಕ ಎರಡು ದಿನ ಸಹಿಸಿಕೊಂಡರು. ಮೂರನೆಯ ದಿನ ಸೂಜಿಯನ್ನು ನನ್ನ ಕಡೆ ಚಾಚಿದರು.

“ಮಾಸ್ತರ, ಹಿಂಗ ಆದ್ರ ಕೂಸು ನಡದಾಡೂ ಹೊತ್ತಿಗೆ ಕೌದಿ ಮುಗಿತೈತ್ರಿ. ನೀವೂ ಒಂದ್ ಸಾಲ ಹೊಲೀರಿ, ಬರ್ರಿ.”

ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ನಾನು ಕುಳಿತೇಬಿಟ್ಟೆ. ಸೂಜಿಗೆ ದಾರ ಪೋಣಿಸಲು ನನಗೆ ಹಿಡಿದ ಹೊತ್ತಿನಲ್ಲಿ ಗಿರಿಜಾ ಎರಡು ಸಾಲು ಮುಗಿಸಿದಳು. ಆದರೂ ಸೂಜಿ ಐದು ಪದರ ಅರಿವೆ ದಾಟಿ ಆಚೆ ತಲೆ ತೋರಿಸಿದಾಗ ಆದ ಖುಷಿಯನ್ನು ಏನೆಂದು ಹೇಳಲಿ? ಈ ವಯಸ್ಸಿನಲ್ಲಿ ಕೈಯಿಂದ ಏನೋ ಒಂದು ಮಾಡಿದೆನಲ್ಲ ಎಂದು ಕಣ್ಣು ತುಂಬಿ ಬಂತು. ಅಂದಿನಿಂದ ದಿನಕ್ಕೊಂದು ಸಾಲು ಹೊಲಿದು, ಅದರ ಫೋಟೋ ತೆಗೆದು, ಊಟಕ್ಕೆ ಏಳುತ್ತಿದ್ದೆ. ಮೊಮ್ಮಗಳು ಅಜ್ಜನ ಹೊಲಿಗೆಯ ಮೇಲೆ ಮಲಗುತ್ತಾಳೆಂದು ಊರಿಗೆಲ್ಲ ಸಾರಿಯೂ ಬಂದೆ.

ಒಂದು ಮಧ್ಯಾಹ್ನ ತೆಗೆದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದೆ. ಸೋಮವಾರದ ಫೋಟೋದಲ್ಲಿ ಹಸಿರು ತುಂಡಿನ ಮೇಲೆ ನನ್ನ ಸಾಲು ಇದೆ, ಒಂದೊಂದು ಹೊಲಿಗೆಯೂ ಹೆಬ್ಬೆರಳಿನಷ್ಟು ಉದ್ದ. ಮಂಗಳವಾರದ ಫೋಟೋದಲ್ಲಿ ಅದೇ ತುಂಡು, ಅದೇ ಜಾಗ, ಹೊಲಿಗೆ ಮಾತ್ರ ಜೋಳದ ಕಾಳಿನಷ್ಟು. ಬುಧವಾರದ್ದೂ ಹಾಗೇ, ಗುರುವಾರದ್ದೂ ಹಾಗೇ. ಕ್ಯಾಮೆರಾ ಹಿಡಿದುಕೊಂಡು ಪಡಸಾಲೆಗೆ ಬಂದೆ.

“ಗಿರಿಜಾ, ನನ್ನ ಸಾಲ ಎಲ್ಲಿ ಹೋದುವು?”

ಗಿರಿಜಾ ದಾರದ ಉಂಡೆಯನ್ನು ಮೊದಲ ಸಲ ಕಂಡವಳಂತೆ ನೋಡತೊಡಗಿದಳು. ಮಾಬೂಬಿ ಅಕ್ಕನೇ ಬಾಯಿಬಿಟ್ಟರು. “ನಾನ ಬಿಚ್ಚೀನ್ರಿ ಮಾಸ್ತರ. ದಿನಾ ಮುಂಜಾನೆ ಬಂದ ಕೂಡ್ಲೆ ಅದ ನನ್ನ ಮೊದಲ ಕೆಲಸ.”

“ಒಂದ್ ಮಾತು ಹೇಳಬಾರದಿತ್ತೇನ್ರಿ?”

“ನೀವು ಭಾಳ ಖುಷಿಲೆ ಹೊಲೀತಿದ್ರಿ. ಹೆಂಗ ಹೇಳೂದ್ರಿ? ಆದ್ರ ಅಂಥಾ ಉದ್ದ ಹೊಲಿಗ್ಯಾಗ ಕೂಸಿನ ಕಾಲಬೆರಳ ಸಿಕ್ಕೊತಾವ್ರಿ.”

ನಾನು ಮಕ್ಕಳ ತಪ್ಪು ಲೆಕ್ಕಗಳನ್ನು ಅವರೆದುರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಮನುಷ್ಯ. ತಪ್ಪನ್ನು ಹೀಗೆ ಸದ್ದಿಲ್ಲದೆ ತಿದ್ದುವ ಪದ್ಧತಿಯೂ ಲೋಕದಲ್ಲಿದೆ ಎಂದು ಅಂದೇ ನನಗೆ ಗೊತ್ತಾದದ್ದು. ಸಿಟ್ಟು ಬಂತು, ಆದರೆ ಕಾಲಬೆರಳಿನ ಮುಂದೆ ಯಾವ ಸಿಟ್ಟು ನಿಂತೀತು? ತೊಟ್ಟಿಲಿನ ದಿನಕ್ಕೆ ಐದೇ ದಿನ ಉಳಿದಿತ್ತು. ಕೌದಿಯಲ್ಲಿ ಬಿಚ್ಚದೆ ಉಳಿಯುವಂಥ ನನ್ನದೊಂದು ಹೊಲಿಗೆಯಾದರೂ ಇರಲೇಬೇಕೆಂದು ಹಟ ಹಿಡಿದೆ. ಕ್ಯಾಮೆರಾ ಮೊಳೆಗೆ ಸಿಕ್ಕಿಸಿ, ಹರಿದ ಚಾದರದ ತುಂಡೊಂದನ್ನು ಹಿಡಿದು ಕಟ್ಟೆಯ ಮೇಲೆ ಕುಳಿತೆ. ಹಾದುಹೋಗುವವರು “ಏನ್ರಿ ಮಾಸ್ತರ, ಟೇಲರ್ ಆದ್ರೇನು?” ಎಂದರು. ಆಗುತ್ತಿದ್ದೇನೆ ಎಂದೆ. ಮೊದಲ ದಿನ ಬೆರಳಿಗೇ ಹೆಚ್ಚು ಹೊಲಿಗೆ ಬಿದ್ದವು. ಎರಡನೆಯ ದಿನ ಹೊಲಿಗೆ ಶೇಂಗಾ ಕಾಳಿನಷ್ಟಾದವು, ನಾಲ್ಕನೆಯ ದಿನ ಜೋಳಕ್ಕೆ ಇಳಿದವು. ಆ ನಾಲ್ಕು ದಿನ ಎಷ್ಟು ಸುಖವಾಗಿದ್ದೆನೆಂದರೆ, ಬೆಳಕು ಹೇಗೆ ಬಿದ್ದಿದೆ ಎಂದು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ.

ಕೌದಿ ಹೊಲಿಯುವವರು ಒಂದು ಮೂಲೆಯನ್ನು ಕೊನೆಗೆ ಬಿಡುತ್ತಾರೆ. ಅದರೊಳಗೆ ಖಡಕ್ ರೊಟ್ಟಿಯ ಒಂದು ಚೂರು ಇಟ್ಟು ಬಾಯಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಅದರ ಮೇಲೆ ಮಲಗಿದವರ ಹೊಟ್ಟೆಯೂ ತುಂಬಿರುತ್ತದೆಯಂತೆ. ತೊಟ್ಟಿಲಿನ ಹಿಂದಿನ ಸಂಜೆ ಮಾಬೂಬಿ ಅಕ್ಕ ನನ್ನ ಚಾದರದ ತುಂಡನ್ನು ಹಿಂದೆ ಮುಂದೆ ತಿರುಗಿಸಿ, ಹೊಲಿಗೆಯ ಮೇಲೆ ಉಗುರು ಆಡಿಸಿ ನೋಡಿದರು. ಆಮೇಲೆ ರೊಟ್ಟಿಯ ಚೂರನ್ನು ಮೂಲೆಯೊಳಗೆ ಇಟ್ಟು, ಸೂಜಿಯನ್ನು ನನಗೆ ಕೊಟ್ಟರು. ನಾನು ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯತೊಡಗಿದೆ.

ಬಾಣಂತಿ ಕೋಣೆಯ ಬಾಗಿಲಿನಿಂದ ವಿದ್ಯಾ ಅಂದಳು: “ಅಪ್ಪಾ, ಇದರ ಫೋಟೋ ತಗೀಬೇಕು ಅಂತಿದ್ದಿ. ಬೆಳಕು ಹೊಂಟೈತಿ ನೋಡು.”

“ಸುಮ್ನ ಇರವಾ, ಕೈ ಖಾಲಿ ಇಲ್ಲ” ಅಂದೆ.

ಹನ್ನೊಂದು ಹೊಲಿಗೆ ಹಾಕಿದೆ, ಹನ್ನೊಂದೂ ಜೋಳದ ಕಾಳು. ಗಂಟು ಹಾಕಿ, ದಾರ ಕಡಿದು, ಎಲ್ಲರ ಮುಖ ನೋಡುತ್ತ ಠೀವಿಯಿಂದ ಎದ್ದು ನಿಂತೆ. ಕೌದಿಯೂ ನನ್ನ ಜೊತೆ ಎದ್ದು ನಿಂತಿತು. ಅಂದು ಹೊಸದಾಗಿ ಉಟ್ಟಿದ್ದ ಪಂಚೆಯ ಅಂಚನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ.

ಹೊಟ್ಟೆ ತುಂಬಿಸಿದ ಕೌದಿಯ ಬಾಯಿ ಬಿಚ್ಚಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೂ ಮಾಬೂಬಿ ಅಕ್ಕ ಸಂಕೋಚದಿಂದ, “ಬ್ಯಾರೆ ಹಾದಿ ಇಲ್ಲಂದ್ರ ಬಿಚ್ಚೂಣೇನ್ರಿ ಮಾಸ್ತರ? ಪಂಚಿ ಅಗದೀ ಹೊಸಾದು ಐತಿ” ಎಂದರು. ಬಿಚ್ಚುವ ಮಾತು ಕೇಳಿದ್ದೇ ತಡ, ನಾನು ಕತ್ತರಿ ಎಳೆದುಕೊಂಡು ಪಂಚೆಗೇ ಹಾಕಿದೆ. ಮಾಬೂಬಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಲ್ಲೇ ಅಲುಗತೊಡಗಿದರು. ವಿದ್ಯಾ ಬಾಗಿಲಿಗೆ ಆತು ನಕ್ಕಳು. ನನಗೂ ತಡೆಯಲಾಗಲಿಲ್ಲ.

ಆ ಗಳಿಗೆಯಲ್ಲಿ ಗಿರಿಜಾ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳಂತೆ, ಒಂದೇ ಒಂದು. ಒಂದು ಬದಿಗೆ ಅವಳ ಬೆರಳೂ ಬಂದಿದೆ, ನೆಲವೂ ಓರೆಯಾಗಿದೆ. ಪಂಚೆಗೆ ಕೌದಿ ಜೋತುಬಿದ್ದಿದೆ, ಕೈಯಲ್ಲಿ ಕತ್ತರಿ, ನಾನು ಬಾಯಿ ತೆರೆದು ನಗುತ್ತಿದ್ದೇನೆ. ವಿದ್ಯಾ ಅದನ್ನು ಬೀಗರಿಗೆಲ್ಲ ಕಳಿಸಿದಳು. “ಫೋಟೋ ಯಾರು ತಗದಾರ? ಅಗದೀ ಚಲೋ ಬಂದೈತಿ” ಎಂದು ಊರೂರಿನಿಂದ ಉತ್ತರ ಬಂದವು. ನಾನು ತೆಗೆದ ನಾನೂರು ಫೋಟೋಗಳಿಗೆ ಇಂಥ ಒಂದು ಮಾತೂ ಬಂದಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೂ ಆ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ತೆಗೆದವರು ಯಾರೆಂದು ಬಂದವರೆಲ್ಲ ಕೇಳುತ್ತಾರೆ, ಗಿರಿಜಾ ಎನ್ನುತ್ತೇನೆ. ಆ ಮೂಲೆಯ ಹನ್ನೊಂದು ಹೊಲಿಗೆ ಯಾರವೆಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳಿಯೇ ಅವರಿಗೆ ಚಹಾ ಕೊಡಿಸುತ್ತೇನೆ.