ವಾರಗಿತ್ತಿಯರ ವಾರ್ತೆ

ಬೆಳಿಗ್ಗೆ ಹಲ್ಲುಜ್ಜುತ್ತ ಮೊಬೈಲ್ ನೋಡಿದ ಅಳಿಯನ ಬಾಯಲ್ಲಿ ಬ್ರಶ್ ಹಾಗೇ ನಿಂತಿತು. 'ಇಂದಿನಿಂದ ಹೊರಗಿನವರ ಆ್ಯಪ್‌ಗಳಿಗೆ ನಮ್ಮಲ್ಲಿ ಪ್ರವೇಶವಿಲ್ಲ' ಎಂದು ಊರವರೆಲ್ಲ ಫೋಟೋ ಹಾಕುವ ಆ ದೊಡ್ಡ ಜಾಲತಾಣ ಬಾಗಿಲು ಹಾಕಿಬಿಟ್ಟಿತ್ತು.

ಅಳಿಯ ಮಾಡಿದ ಆ್ಯಪ್ ಸಣ್ಣದು, ಆದರೆ ಭೇಷ್ ಎನ್ನುವಂಥದ್ದು. ಜಾಲತಾಣಕ್ಕೆ ಎಲ್ಲರೂ ಬರೀ 'ಫ್ರೆಂಡ್'. ಅತ್ತೆಗೆ ಹಾಗಲ್ಲ. ವಾರಗಿತ್ತಿ ಬೇರೆ, ನಾದಿನಿ ಬೇರೆ, ಬೀಗಿತ್ತಿಯದಂತೂ ಬೇರೆಯೇ ಲೆಕ್ಕ. ಕಣ್ಣು ಮಂಜಾದ ಅತ್ತೆಗೆ ಆ್ಯಪ್ ಪ್ರತಿ ಸಂಜೆ, 'ನಿಮ್ಮ ವಾರಗಿತ್ತಿಯ ಸೊಸೆ ಹೊಸ ಸೋಫಾದ ಫೋಟೋ ಹಾಕಿದ್ದಾರೆ' ಎಂದು ಸಂಬಂಧ ಸಮೇತ ಸ್ಪೀಕರಿನಲ್ಲಿ ಓದಿ ಹೇಳುತ್ತಿತ್ತು. ಎದುರುಮನೆಯ ಟೈಲರ್, ಮಹಡಿಯ ಹಲ್ಲಿನ ಡಾಕ್ಟರಮ್ಮ ಕೂಡ ಕೇಳಲು ಬಂದು ಕೂರುತ್ತಿದ್ದರು. ಮೊದಲು 'ದಂಡಪಿಂಡ' ಎನ್ನುತ್ತಿದ್ದ ಅತ್ತೆ 'ಅಳಿಯಂದ್ರು' ಎನ್ನತೊಡಗಿದ್ದು ಈ ಆ್ಯಪ್ ಬಂದ ಮೇಲೆ. ಅದು ಹೋದರೆ ಆ ಮರ್ಯಾದೆಯೂ ಹೋದಂತೆಯೇ.

ಜಾಲತಾಣಕ್ಕೆ ವಿನಂತಿಯ ಮೇಲೆ ವಿನಂತಿ ಕಳಿಸಿದ. ಉತ್ತರವಿಲ್ಲ. ಸಾಲದ್ದಕ್ಕೆ ಟೈಲರ್ ಬಂದು, "ಎಲ್ಲೋ ಜಾಮ್ ಆಗಿರುತ್ತೆ, ಸ್ವಲ್ಪ ಎಣ್ಣೆ ಬಿಡಿ. ನನ್ನ ಮಿಷನ್ನೂ ಹೀಗೇ ಆಡ್ತಿತ್ತು" ಎಂದು ಸಲಹೆ ಕೊಟ್ಟು ಹೋದ.

ಸಂಜೆ ಹಜಾರ ತುಂಬಿತು. ಬೇರೆ ದಾರಿ ಕಾಣದೆ ಅಳಿಯ ಕೋಣೆಯ ಬಾಗಿಲು ಹಾಕಿಕೊಂಡ. ಅತ್ತೆಯ ಖಾತೆ ತೆರೆದು, ಆ್ಯಪ್‌ನ ದನಿ ಬರಲೆಂದು ಮೂಗು ಹಿಡಿದು, ಹಜಾರದ ಸ್ಪೀಕರಿಗೆ ಜೋಡಿಸಿದ ಮೈಕಿನಲ್ಲಿ ತಾನೇ ಓದತೊಡಗಿದ. ಮೂರನೇ ಸುದ್ದಿಗೆ ದೊಡ್ಡದೊಂದು ಸೀನು ಬಂತು.

"ಆ್ಯಪ್‌ಗೆ ಶೀತ ಆದಂಗಿದೆ" ಎಂದರು ಡಾಕ್ಟರಮ್ಮ.

ಅಳಿಯ ಮೈಕಿಗೆ ಕೈ ಅಡ್ಡ ಹಿಡಿದು ಬಾಗಿಲಿಗೆ ಕಿವಿಗೊಟ್ಟ. ಆದರೆ ಯಾರೂ ಏಳಲಿಲ್ಲ. ಧೈರ್ಯ ಬಂದು ನಾಲಿಗೆಯೂ ಸಡಿಲಾಯಿತು. "ನಿಮ್ಮ ಬೀಗಿತ್ತಿ ಗುಲಾಬಿ ಗಿಡದ ಫೋಟೋ ಹಾಕಿದ್ದಾರೆ. 'ನಾನೇ ಬೆಳೆಸಿದ್ದು' ಅಂತಿದ್ದಾರೆ. ಕುಂಡದ ಮೇಲಿನ ಅಂಗಡಿ ಚೀಟಿ ಮಾತ್ರ ಇನ್ನೂ ಕಿತ್ತಿಲ್ಲ!"

ಹಜಾರದಲ್ಲಿ ನಗುವೋ ನಗು. ಅತ್ತೆ ಅಷ್ಟು ನಕ್ಕದ್ದನ್ನು ಅಳಿಯ ಕೇಳಿಯೇ ಇರಲಿಲ್ಲ.

ಅಷ್ಟರಲ್ಲಿ ಮೊಬೈಲ್ ಸದ್ದು ಮಾಡಿತು. 'ನಿಮ್ಮ ಆ್ಯಪ್ ಪರಿಶೀಲಿಸಿದೆವು. ಬಹಳ ಚೆನ್ನಾಗಿದೆ. ಪ್ರವೇಶ ನೀಡಲಾಗಿದೆ.' ಅಳಿಯನಿಗೆ ಹೋದ ಜೀವ ಬಂದಂತಾಯಿತು. ಆ್ಯಪ್ ಚಾಲೂ ಮಾಡಿ, ಏನೂ ಅರಿಯದವನಂತೆ ಹಜಾರಕ್ಕೆ ಬಂದು ಕುಳಿತ.

'ನಿಮ್ಮ ನಾದಿನಿ ಬೆಕ್ಕಿನ ಫೋಟೋ ಹಾಕಿದ್ದಾರೆ' ಎಂದಿತು ಸ್ಪೀಕರ್.

ಯಾರೂ ನಗಲಿಲ್ಲ. ಅತ್ತೆ ಮುಖ ಸಿಂಡರಿಸಿದರು. "ಅಳಿಯಂದ್ರೇ, ಚೆನ್ನಾಗಿ ಓದ್ತಿದ್ರಲ್ಲ, ಮಧ್ಯದಲ್ಲಿ ಯಾಕೆ ಎದ್ದು ಬಂದ್ರಿ?"

ಅಳಿಯ ತೊದಲಿದ. "ನಿಮಗೆ... ಗೊತ್ತಾಯ್ತಾ ಅತ್ತೆ?"

"ಮೊದಲ್ನೇ ಮಾತಿಗೇ ಗೊತ್ತಾಯ್ತು. ಏನ್ ಓದ್ತೀರಪ್ಪಾ! ಇಷ್ಟು ದಿನ ಈ ಬಾಯಿ ಎಲ್ಲಿಟ್ಟಿದ್ರಿ?"

"ಆದ್ರೆ ಅತ್ತೆ, ಕಂಪನಿಯವ್ರು ಆ್ಯಪ್‌ಗೆ ಒಪ್ಪಿಬಿಟ್ಟಿದ್ದಾರೆ..."

"ಒಪ್ಪಿದ್ರೆ ಅವ್ರೇ ಕೇಳಿಸ್ಕೊಳ್ಳಲಿ. ನಮಗೆ ನೀವೇ ಆಗ್ಬೇಕು, ದಿನಾ."

ಟೈಲರ್ ಎದ್ದು ಆ್ಯಪ್‌ನ ಬಾಯಿ ಮುಚ್ಚಿಸಿ, ಕೋಣೆಯಲ್ಲಿದ್ದ ಮೈಕನ್ನು ತಂದು ಅಳಿಯನ ಕೈಗೆ ಭಕ್ತಿಯಿಂದ ಕೊಟ್ಟ. ಡಾಕ್ಟರಮ್ಮನ ಕಣ್ಣಲ್ಲಿ ಮೆಚ್ಚುಗೆ ತುಳುಕುತ್ತಿತ್ತು.

"ನಾಳೆ ನಮ್ಮತ್ತೇನೂ ಕರ್ಕೊಂಡು ಬರ್ತೀನಿ" ಎಂದರು. "ಅವ್ರಿಗೆ ವಾರಗಿತ್ತಿಯರೇ ಏಳು ಜನ."